ಒಂದು ಕ್ಯಾನ್ ಕಡಲ ನೀರಲ್ಲಿ ಬಾಂಬಿನ ಪಾಲೆಷ್ಟು?

ಬೆಂಗಳೂರಿನ ಅಡುಗೆಮನೆಗಳ ಮೂಲೆಯಲ್ಲಿ 20 ಲೀಟರಿನ ನೀರಿನ ಕ್ಯಾನ್ ಇರುತ್ತದಲ್ಲ, ಅದನ್ನೇ ಸದ್ಯಕ್ಕೆ ಅಳತೆಯ ಕೊಳಗ ಮಾಡಿಕೊಳ್ಳೋಣ. ಮಲ್ಪೆಯಿಂದಾಚೆ, ತೀರದ ಕೆಸರು ಮುಟ್ಟದಷ್ಟು ದೂರ ಹೋಗಿ ಅದರಲ್ಲಿ ಕಡಲ ನೀರು ತುಂಬಿ ತಂದಿದ್ದೇವೆ ಅಂದುಕೊಳ್ಳಿ. ಕಡಲ ನೀರಿನಲ್ಲಿ ಲೀಟರಿಗೆ ಹೆಚ್ಚುಕಡಿಮೆ 400 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಭೂಮಿ ಹುಟ್ಟಿದಾಗಿನಿಂದ ಅದರ ಜೊತೆಗೇ ಬಂದಿರುವ ವಿಕಿರಣಶೀಲ ಪೊಟ್ಯಾಸಿಯಂ-40 ಲೀಟರಿಗೆ 12 ಬೆಕರೆಲ್ ಆಗುತ್ತದೆ. ಬೆಕರೆಲ್ ಅಂದರೆ ಸೆಕೆಂಡಿಗೊಂದು ಪರಮಾಣು ಒಡೆಯುವುದು, ಅಷ್ಟೇ. ಹಾಗಾಗಿ ನಮ್ಮ ಕ್ಯಾನಿನಲ್ಲಿ ಪ್ರತಿ ಸೆಕೆಂಡಿಗೆ 240 ಪೊಟ್ಯಾಸಿಯಂ ಪರಮಾಣುಗಳು ಸದ್ದಿಲ್ಲದೆ ಒಡೆಯುತ್ತಿರುತ್ತವೆ.

ಅದೇ ಕ್ಯಾನಿನಲ್ಲಿ ಬಾಂಬಿನ ಪಾಲು, ಅಂದರೆ ಹಿಂದೆ ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳ ಬೂದಿಯಿಂದ ಕಡಲಿಗೆ ಬಿದ್ದ ವಿಕಿರಣಶೀಲ ಸೀಸಿಯಂ ಎಷ್ಟು? ತೆರೆದ ಕಡಲಿನ ಮೇಲ್ನೀರಿನಲ್ಲಿ ಈಗ ಸೀಸಿಯಂ-137 ಘನ ಮೀಟರಿಗೆ 1 ಬೆಕರೆಲ್ ಆಸುಪಾಸು. ಲೆಕ್ಕಕ್ಕೆ 1.2 ಅಂತ ಹಿಡಿದರೆ, 20 ಲೀಟರಿಗೆ 0.024 ಬೆಕರೆಲ್. ಸುಮಾರು 42 ಸೆಕೆಂಡಿಗೆ ಒಂದು ಸೀಸಿಯಂ ಪರಮಾಣು ಒಡೆಯುತ್ತದೆ. ಅಷ್ಟರಲ್ಲಿ ಪೊಟ್ಯಾಸಿಯಂ ಹತ್ತು ಸಾವಿರ ಸಲ ಒಡೆದಿರುತ್ತದೆ. ಜಾತ್ರೆಯ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು, ಅದು ಯಾರ ದನಿ ಅಂತಲೂ ಹೇಳಬೇಕು. ಕೆಲಸ ಇರುವುದು ಅಷ್ಟೇ, ಕಷ್ಟ ಇರುವುದೂ ಅಲ್ಲೇ.

ಆಗಾಗ ವಾಟ್ಸಾಪಿನಲ್ಲಿ ಒಂದು ವಿಡಿಯೊ ಹರಿದಾಡುತ್ತದೆ. ಯಾರೋ ಸಮುದ್ರತೀರದಲ್ಲಿ ವಿಕಿರಣ ಎಣಿಸುವ ಗೈಗರ್ ಕೌಂಟರ್ ಹಿಡಿದು ನಿಂತಿರುತ್ತಾರೆ, ಅದು ಟಿಕ್ ಟಿಕ್ ಅನ್ನುತ್ತಿರುತ್ತದೆ, ಕೆಳಗೆ 'ನೀರು ವಿಷವಾಗಿದೆ' ಅಂತ ಬರೆದಿರುತ್ತದೆ. ಆ ಕೌಂಟರನ್ನು ದೋಣಿಯಲ್ಲಿಟ್ಟು ತೀರದಿಂದ ದೂರ ಒಯ್ದರೆ ಟಿಕ್ ಟಿಕ್ ಕಡಿಮೆಯಾಗುತ್ತದೆ. ಯಾಕೆಂದರೆ ನೆಲದ ಕಲ್ಲು ಮಣ್ಣಿನಿಂದ ಬರುವ ಗಾಮಾ ಕಿರಣಗಳನ್ನು ಅಷ್ಟು ಆಳದ ನೀರು ತಡೆದುಬಿಡುತ್ತದೆ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತರೆ ಅರಬ್ಬೀ ಸಮುದ್ರದ ನಡುವೆ ತೋರಿಸುವುದಕ್ಕಿಂತ ಹೆಚ್ಚು ತೋರಿಸುತ್ತದೆ. ತೀರದಲ್ಲೇ ಜೋರಾಗಿ ಕೂಗಿದರೆ ಅದು ಬಹುತೇಕ ಮರಳಿನ ಕೆಲಸ: ಕೊಲ್ಲಂ ಹತ್ತಿರದ ಚವರ, ನಮ್ಮ ಉಳ್ಳಾಲ, ಇಲ್ಲೆಲ್ಲ ಥೋರಿಯಂ ಇರುವ ಮೊನಜೈಟ್ ಮರಳಿದೆ. ಒಂದು ಲೀಟರ್ ಎಳನೀರಿನಲ್ಲಿ ಒಂದು ಲೀಟರ್ ಕಡಲ ನೀರಿಗಿಂತ ಹಲವು ಪಟ್ಟು ಪೊಟ್ಯಾಸಿಯಂ-40 ಇರುತ್ತದೆ ಅನ್ನುವುದನ್ನೂ ಆ ವಿಡಿಯೊ ಮಾಡಿದವರಿಗೆ ಯಾರಾದರೂ ಹೇಳಬೇಕು.

ಬಾಂಬು ಸಿಡಿದ ಹೊಸದರಲ್ಲಿ ಮಾತ್ರ ಕಥೆ ಬೇರೆ. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಕ್ಯಾಸಲ್ ಬ್ರಾವೋ ಎಂಬ ಬಾಂಬು 6 ಮೆಗಾಟನ್ ಆಸುಪಾಸು ಇರುತ್ತದೆ ಎಂದು ಲೆಕ್ಕ ಹಾಕಿದ್ದರು, ಆದದ್ದು 15. ಬಾಂಬಿನ ಇಂಧನದಲ್ಲಿ ಸುಮ್ಮನಿರುತ್ತದೆ ಎಂದು ನಂಬಿದ್ದ ಲಿಥಿಯಂ-7 ಸುಮ್ಮನಿರಲಿಲ್ಲ. ಹವಳದ ದಿಬ್ಬ ಪುಡಿಯಾಗಿ, ಆವಿಯಾಗಿ, ಬಿಳಿ ಸುಣ್ಣದ ಬೂದಿಯಾಗಿ ಸುರಿಯಿತು. ಜಪಾನಿನ ಮೀನುಗಾರಿಕಾ ದೋಣಿ ಡೈಗೊ ಫುಕುರ್ಯು ಮಾರು ಮೇಲಿದ್ದ 23 ಜನ ಆ ಬೂದಿಯಲ್ಲಿ ಮಿಂದರು. ದೋಣಿಯ ರೇಡಿಯೊ ಆಪರೇಟರ್ ಕುಬೊಯಾಮಾ ಐಕಿಚಿ ಅದೇ ವರ್ಷ ಸೆಪ್ಟೆಂಬರ್ 23ರಂದು ತೀರಿಕೊಂಡರು. ಸಾಗರ ದೊಡ್ಡದು, ಬಿದ್ದದ್ದೆಲ್ಲ ಕರಗಿ ತೆಳುವಾಗಿ ಹೋಗುತ್ತದೆ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಜಪಾನ್ ಆ ಮೇ ತಿಂಗಳಲ್ಲಿ ಶುನ್‌ಕೊತ್ಸು ಮಾರು ಎಂಬ ಹಡಗನ್ನು ಕಳಿಸಿ ನೀರು, ಪ್ಲಾಂಕ್ಟನ್, ಮೀನು ಎಲ್ಲವನ್ನೂ ಅಳೆಸಿತು. ಬಿಕಿನಿಯಿಂದ ಪಶ್ಚಿಮಕ್ಕೆ ಬಹುದೂರ ನೀರಿನಲ್ಲೂ ಮೀನಿನಲ್ಲೂ ವಿಕಿರಣ ಸಿಕ್ಕಿತು. ಉತ್ತರ ವಿಷುವದ್ವೃತ್ತದ ಪ್ರವಾಹ ಅದನ್ನು ಪಶ್ಚಿಮಕ್ಕೆ ಒಯ್ಯುತ್ತದೆ, ಅಲ್ಲಿಂದ ಕುರೊಶಿಯೊ ಪ್ರವಾಹ ಜಪಾನಿನ ಕಡೆಗೆ ತಿರುಗಿಸುತ್ತದೆ.

ಅಂಥ ಹೊಸ ನೀರನ್ನು ಅಳೆಯಲು ಸೂಕ್ಷ್ಮ ಉಪಕರಣ ಬೇಕಿರಲಿಲ್ಲ. ನೀರಿನಲ್ಲಿ ಕಬ್ಬಿಣ, ಬೇರಿಯಂ ಸೇರಿಸಿ ಒತ್ತರಿಸಿ (ಅಂದರೆ ಕರಗಿದ್ದನ್ನು ಗಸಿಯಾಗಿ ತಳಕ್ಕಿಳಿಸಿ), ಒಣಗಿಸಿ, ಗೈಗರ್ ಕೊಳವೆಯ ಕೆಳಗೆ ಇಟ್ಟರೆ ಸಾಕು. ಆದರೆ ಸಮಯ ಬರೆದಿಡದಿದ್ದರೆ ಆ ಅಂಕಿ ಕಸ. ಬಾಂಬಿನ ಬೂದಿಯ ಒಟ್ಟು ವಿಕಿರಣ, ಕಾಲ ಏಳು ಪಟ್ಟಾದಾಗಲೆಲ್ಲ ಹತ್ತನೇ ಒಂದಕ್ಕೆ ಇಳಿಯುತ್ತದೆ: ಮೊದಲ ಗಂಟೆಯಲ್ಲಿದ್ದದ್ದು 7 ಗಂಟೆಗೆ ಹತ್ತನೇ ಒಂದು, 49 ಗಂಟೆಗೆ ನೂರನೇ ಒಂದು, ಎರಡು ವಾರಕ್ಕೆ ಸಾವಿರದಲ್ಲೊಂದು ಪಾಲು. ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ, ಬೇರಿಯಂ-140 ಹದಿಮೂರು ದಿನಕ್ಕೆ. ಝಿರ್ಕೋನಿಯಂ-95 ಮತ್ತು ಅದರಿಂದ ಹುಟ್ಟುವ ನಯೋಬಿಯಂ-95ರ ಅನುಪಾತ ನೋಡಿ, ಬಾಂಬು ಸಿಡಿದು ಎಷ್ಟು ದಿನವಾಯಿತು ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು.

ಬಯಲಿನ ಪರೀಕ್ಷೆಗಳನ್ನು ನಿಷೇಧಿಸಿದ 1963ರ ಒಪ್ಪಂದದ ನಂತರ ಅಮೆರಿಕ, ಸೋವಿಯತ್, ಬ್ರಿಟನ್ ಪರೀಕ್ಷೆಗಳನ್ನು ನೆಲದೊಳಕ್ಕೆ ಒಯ್ದವು. ಬಯಲಿನಲ್ಲಿ ಕೊನೆಯ ಬಾಂಬು ಸಿಡಿಸಿದ್ದು ಚೀನಾ, 1980ರ ಅಕ್ಟೋಬರ್ 16ರಂದು. ನೆಲದೊಳಗೆ ಸಿಡಿದದ್ದನ್ನು ಪತ್ತೆ ಮಾಡಲು ಬೇರೆಯೇ ಕಿವಿ ಬೇಕು. ಬೆಂಗಳೂರಿನಿಂದ 80 ಕಿಲೋಮೀಟರ್ ದೂರದ ಗೌರಿಬಿದನೂರಿನಲ್ಲಿ 1965ರಿಂದ ಇರುವ ಭೂಕಂಪನ ಮಾಪಕಗಳ ಸಾಲು ಅಂಥದ್ದು. ನೀರು ಅಳೆಯುವವರಿಗೆ ಉಳಿದದ್ದು ಹಳೇ ಬಾಕಿ. 1954ರಲ್ಲಿ ಬಿದ್ದ ಸೀಸಿಯಂ-137ರಲ್ಲಿ 70 ವರ್ಷದ ನಂತರ ಐದನೇ ಒಂದು ಭಾಗ ಉಳಿದಿರುತ್ತದೆ; ಅದರ ಅರ್ಧಾಯು 30 ವರ್ಷ. ಕಡಲಿನಲ್ಲಿ ಸೀಸಿಯಂ ಉಪ್ಪಿನ ಹಾಗೆ ಕರಗಿಯೇ ಇರುತ್ತದೆ, ನೀರು ಹೋದಲ್ಲಿಗೆ ಹೋಗುತ್ತದೆ. ಅದಕ್ಕೇ ಪ್ರವಾಹಗಳ ಜಾಡು ಹಿಡಿಯುವವರಿಗೂ ಅದು ಬೇಕು.

ಈಗ ಕ್ಯಾನಿನ ವಿಷಯಕ್ಕೆ ಬರೋಣ. ಒಂದು ಕ್ಯಾನ್ ಸಾಲದು, ನಾಲ್ಕು ತುಂಬಿಸಿ. ನಾಲ್ಕನೆಯದು ಯಾಕೆ ಅನ್ನುವುದು ಕೊನೆಗೆ. ಮೊದಲು ನೀರನ್ನು 0.45 ಮೈಕ್ರಾನಿನ ಫಿಲ್ಟರಿನಲ್ಲಿ ಸೋಸಬೇಕು, ಆಮೇಲೆ ಆಸಿಡ್ ಹಾಕಬೇಕು. ಈ ಕ್ರಮ ತಿರುಗುಮುರುಗಾದರೆ ಆಸಿಡ್ಡು ಕೆಸರಿನ ಕಣಗಳಲ್ಲಿರುವುದನ್ನೆಲ್ಲ ಕಿತ್ತು ನೀರಿಗೆ ಬಿಡುತ್ತದೆ. ಉಳ್ಳಾಲದ ಮರಳಾದರೆ ಥೋರಿಯಂ ಸಂತತಿಯೂ ಜೊತೆಗೆ ಬರುತ್ತದೆ. ಲೀಟರಿಗೆ ಒಂದೂವರೆಯಿಂದ ಎರಡು ಮಿಲಿಲೀಟರ್ ಗಟ್ಟಿ ನೈಟ್ರಿಕ್ ಆಸಿಡ್ ಹಾಕಿದರೆ ಪಿಎಚ್ 1.6ರ ಹತ್ತಿರ ಬರುತ್ತದೆ. ಹಾಕಿದ ತಕ್ಷಣ ಸೋಡಾ ಥರ ನೊರೆ ಬರುತ್ತದೆ, ಕರಗಿದ್ದ ಕಾರ್ಬೊನೇಟ್ ಗಾಳಿಯಾಗಿ ಹೊರಡುವುದು. ಅದು ಪೂರ್ತಿ ಹೋಗುವ ಮುಂಚೆ ಮುಚ್ಚಳ ಬಿಗಿದರೆ ಶಿರಾಡಿ ಘಾಟಿ ಹತ್ತುವಾಗ ಕ್ಯಾನು ಉಬ್ಬಿ ಸೋರುತ್ತದೆ. ಸೋರಿದ ಮೇಲೆ ಗಾತ್ರ ಗೊತ್ತಿಲ್ಲ, ಗಾತ್ರ ಗೊತ್ತಿಲ್ಲದಿದ್ದರೆ ಮುಂದಿನದ್ದೆಲ್ಲ ದಂಡ. ಹಾಗಾಗಿ ಕ್ಯಾನನ್ನು ತೀರದಲ್ಲೂ ಬೆಂಗಳೂರಿನಲ್ಲೂ ತೂಗಬೇಕು. ಲವಣಾಂಶವನ್ನೂ ಬರೆದಿಡಬೇಕು: ಮಳೆಗಾಲದಲ್ಲಿ ನೇತ್ರಾವತಿ, ಕಾಳಿ ತುಂಬಿ ಹರಿಯುವಾಗ ತೀರದ ನೀರು ಅರ್ಧಕ್ಕರ್ಧ ಹೊಳೆಯ ನೀರೇ ಆಗಿರಬಹುದು.

ಸೀಸಿಯಂ ಹಿಡಿಯುವ ಬಲೆಯ ಹೆಸರು ಅಮೋನಿಯಂ ಫಾಸ್ಫೊಮಾಲಿಬ್ಡೇಟ್, ಬಳಸುವವರ ಬಾಯಲ್ಲಿ ಎಎಂಪಿ. ಅರಿಶಿನಕ್ಕಿಂತ ಒಂದು ಬಣ್ಣ ಜಾಸ್ತಿ ಹಳದಿ, ಮುಟ್ಟಿದರೆ ಹಿಟ್ಟಿನಷ್ಟು ನುಣುಪು. ಅದರ ಹರಳಿನೊಳಗಿನ ಅಮೋನಿಯಂ ಜಾಗಕ್ಕೆ ಸೀಸಿಯಂ ಬಂದು ಕೂರುತ್ತದೆ. ಲೀಟರಿಗೆ 400 ಮಿಲಿಗ್ರಾಂ ಪೊಟ್ಯಾಸಿಯಂ ನೂಕುತ್ತಿದ್ದರೂ ಎಎಂಪಿ ಬಹುಪಾಲು ಸೀಸಿಯಮ್ಮನ್ನೇ ಆರಿಸಿಕೊಳ್ಳುತ್ತದೆ. ಹತ್ತು ಸಾವಿರಕ್ಕೊಂದು ಅನ್ನುವ ಗದ್ದಲ ಅಡಗುವುದು ಇಲ್ಲಿ, ಡಿಟೆಕ್ಟರಿನಲ್ಲಲ್ಲ.

ಮೂರು ಕ್ಯಾನಿನ 60 ಲೀಟರನ್ನು ಒಂದು ನೀಲಿ ಡ್ರಮ್ಮಿಗೆ ಸುರಿಯುತ್ತಾರೆ. ಪಿಎಚ್ ಮತ್ತೊಮ್ಮೆ ನೋಡಿ, 0.26 ಗ್ರಾಂ ಸೀಸಿಯಂ ಕ್ಲೋರೈಡ್ ಹಾಕುತ್ತಾರೆ. ಇದು ವಿಕಿರಣವಿಲ್ಲದ ಮಾಮೂಲಿ ಸೀಸಿಯಂ. ಕಡಲಿನಲ್ಲಿ ಸಹಜವಾಗಿ ಇರುವ ಸೀಸಿಯಂ ಲೀಟರಿಗೆ ಒಂದು ಮೈಕ್ರೊಗ್ರಾಮಿನ ಮೂರನೇ ಒಂದು ಭಾಗವೂ ಇಲ್ಲ, ಅಷ್ಟು ಕಡಿಮೆ ಇರುವುದು ಎಲ್ಲಿ ಅಂಟಿಕೊಂಡು ಕಳೆದುಹೋಯಿತು ಅಂತ ಗೊತ್ತೇ ಆಗುವುದಿಲ್ಲ. ನಾವು ಹಾಕಿದ ಸೀಸಿಯಂ ಅದರ ಜೊತೆ ಹೋಗುತ್ತದೆ, ದಾರಿಯಲ್ಲಿ ಎಷ್ಟು ಸೋರಿತು ಅಂತ ಲೆಕ್ಕ ಕೊಡುತ್ತದೆ. ಅರ್ಧ ಗಂಟೆ ಕಲಕಿ, 6 ಗ್ರಾಂ ಎಎಂಪಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಸುರಿದು, ತಳದಿಂದ ಗಾಳಿ ಊದುತ್ತಾ ಒಂದು ಗಂಟೆ ಬಿಡಬೇಕು. ಒಣಪುಡಿಯನ್ನು ನೇರ ಸುರಿದರೆ ಉಂಡೆ ಕಟ್ಟುತ್ತದೆ, ರವೆ ಗಂಟಾದ ಹಾಗೆ. ಉಂಡೆಯ ಒಳಗಿನದು ನೀರನ್ನು ನೋಡುವುದೇ ಇಲ್ಲ. ಆಮೇಲೆ ಗಾಳಿ ನಿಲ್ಲಿಸಿ ರಾತ್ರಿಯಿಡೀ ಅಲುಗಾಡಿಸದೆ ಬಿಡಬೇಕು. ಬೆಳಿಗ್ಗೆ ತಳದಲ್ಲಿ ತೆಳು ಹಳದಿ ಹಾಸು, ಮೇಲೆ ತಿಳಿ ನೀರು. ಸೈಫನ್ ಕೊಳವೆಯ ತುದಿಯನ್ನು ತಳದಿಂದ ನಾಲ್ಕು ಬೆರಳು ಮೇಲಿಟ್ಟು ತಿಳಿಯನ್ನು ಇಳಿಸಬೇಕು. ಅವಸರ ಮಾಡಿದರೆ ಹಳದಿ ಎದ್ದು ಕೊಳವೆಯಲ್ಲಿ ಹೋಗುವುದು ಕಣ್ಣಿಗೇ ಕಾಣುತ್ತದೆ.

ಆ ತಿಳಿಯನ್ನೆಲ್ಲ ಚೆಲ್ಲಬೇಡಿ, 50 ಮಿಲಿಲೀಟರ್ ಇಟ್ಟುಕೊಳ್ಳಿ. ನಾವು ಹಾಕಿದ 0.26 ಗ್ರಾಮಿನಲ್ಲಿ ಸೀಸಿಯಂ ಲೋಹ 0.205 ಗ್ರಾಂ, ಅಂದರೆ 60 ಲೀಟರಿನಲ್ಲಿ ಲೀಟರಿಗೆ 3.4 ಮಿಲಿಗ್ರಾಂ. ತಿಳಿಯಲ್ಲಿ ಇನ್ನೂ 0.17 ಮಿಲಿಗ್ರಾಂ ಉಳಿದಿದ್ದರೆ 5% ತಪ್ಪಿಸಿಕೊಂಡಿದೆ, ಬಲೆಗೆ ಬಿದ್ದದ್ದು 95%. ಸರಿಯಾಗಿ ಮಾಡಿದರೆ ಇಷ್ಟು ಬರಲೇಬೇಕು. 80ಕ್ಕಿಂತ ಕಡಿಮೆ ಬಂದರೆ ಮೊದಲು ಪಿಎಚ್ ಮೀಟರನ್ನು ಅನುಮಾನಿಸಿ: ಆಸಿಡ್ ಕಡಿಮೆಯಾದರೆ ಎಎಂಪಿಯೇ ಕರಗತೊಡಗುತ್ತದೆ. ಪುಡಿ ಹಸಿರಿಗೆ ತಿರುಗಿದರೆ ಮಾಲಿಬ್ಡಿನಂ ಅಪಕರ್ಷಣೆಯಾಗಿದೆ ಎಂದರ್ಥ. ಲೋಹದ ಚಮಚ, ಧೂಳು, ಬಿಸಿಲು, ಯಾವುದಾದರೂ ಕಾರಣವಿರಬಹುದು. ಸ್ವಲ್ಪ ಹಸಿರಾದರೆ ಚಿಂತೆಯಿಲ್ಲ. ನೀಲಿಯಾದರೆ ಎಸೆಯಿರಿ.

ಹಾಸನ್ನು ಫಿಲ್ಟರ್ ಕಾಗದದ ಮೇಲೆ ಹಿಡಿದು, ಅಂಟಿಕೊಂಡ ಪೊಟ್ಯಾಸಿಯಂ ಹೋಗಲಿ ಅಂತ 1 ಮೋಲಾರ್ ನೈಟ್ರಿಕ್ ಆಸಿಡ್ಡಿನಲ್ಲಿ ತೊಳೆಯುತ್ತಾರೆ. ಬರೀ ನೀರಲ್ಲಿ ತೊಳೆದರೆ ಪುಡಿ ಸೋಪಿನ ಹಾಗೆ ಫಿಲ್ಟರಿನಿಂದ ನುಸುಳಿ ಹೋಗುತ್ತದೆ. ಆಮೇಲೆ ಒಣಗಿಸುವುದು. ಜುಲೈ ತಿಂಗಳ ಬೆಂಗಳೂರಿನಲ್ಲಿ ಬಟ್ಟೆ ಒಣಗದ ಹಾಗೆ ಇದೂ ಒಣಗುವುದಿಲ್ಲ. ಡೆಸಿಕೇಟರಿನಲ್ಲಿಟ್ಟು (ತೇವ ಹೀರುವ ಮುಚ್ಚಿದ ಪಾತ್ರೆ), ಎರಡು ದಿನ ಸತತವಾಗಿ ತೂಕ ಬದಲಾಗದಿದ್ದರೆ ಮಾತ್ರ ಒಣಗಿದೆ ಅನ್ನಬೇಕು.

ಹಡಗಿನಲ್ಲೇ ಕೆಲಸ ಮಾಡುವುದಾದರೆ ಇನ್ನೊಂದು ದಾರಿಯಿದೆ: ತಾಮ್ರದ ಫೆರೊಸಯನೈಡ್ ಲೇಪಿಸಿದ ಫಿಲ್ಟರ್ ಕಾರ್ಟ್ರಿಜ್ ಎರಡನ್ನು ಒಂದರ ಹಿಂದೊಂದು ಜೋಡಿಸಿ, ನಿಮಿಷಕ್ಕೆ ಐದಾರು ಲೀಟರಿನಂತೆ ಸಾವಿರ ಲೀಟರ್ ಹಾಯಿಸುವುದು. ಮೊದಲನೆಯದರಲ್ಲಿ 90, ಎರಡನೆಯದರಲ್ಲಿ 9 ಸಿಕ್ಕರೆ ಪ್ರತಿಯೊಂದೂ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತಿದೆ, ಬಂದದ್ದು ಒಟ್ಟು 100. ಚೆಂದದ ಲೆಕ್ಕ. ಆದರೆ ಎರಡೂ ಒಂದೇ ಸಮ ಹಿಡಿಯುತ್ತವೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಪಾಚಿ ಸಿಕ್ಕಿಕೊಂಡು ಮೊದಲನೆಯದರ ಒಂದು ಬದಿಯಲ್ಲಷ್ಟೇ ನೀರು ಹರಿದರೆ ಈ ಲೆಕ್ಕ ಸುಳ್ಳಾಗುತ್ತದೆ, ನಿಮಗೆ ತಿಳಿಯುವುದೂ ಇಲ್ಲ.

ಎಣಿಸುವುದು ಜರ್ಮೇನಿಯಂ ಡಿಟೆಕ್ಟರಿನಲ್ಲಿ. ದ್ರವ ಸಾರಜನಕದ ತಂಪಿನಲ್ಲಿ, ಸುತ್ತ 10 ಸೆಂಟಿಮೀಟರ್ ಸೀಸದ ಗೋಡೆ, ಒಳಗೆ ತಾಮ್ರದ ತಗಡು. ಸೀಸಿಯಂ-137ರ ಗುರುತು 661.7 ಕಿಲೊಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಗಾಮಾ ಗೆರೆ. ನೂರು ಒಡೆತಕ್ಕೆ 85 ಸಲ ಇದು ಹೊರಡುತ್ತದೆ. ಅಗ್ಗದ ಸೋಡಿಯಂ ಅಯೋಡೈಡ್ ಹರಳಿನಲ್ಲಿ ಈ ಗೆರೆ ನಲವತ್ತು ಚಿಲ್ಲರೆ ಕಿಲೊಎಲೆಕ್ಟ್ರಾನ್‌ವೋಲ್ಟ್ ಅಗಲದ ಗುಡ್ಡವಾಗಿ, ಪಕ್ಕದ 609ರಲ್ಲಿರುವ, ರೇಡಾನಿನಿಂದ ಹುಟ್ಟುವ ಬಿಸ್ಮತ್-214ರ ಗೆರೆಯ ಜೊತೆ ಬೆರೆತುಹೋಗುತ್ತದೆ. ಜರ್ಮೇನಿಯಮ್ಮಿನಲ್ಲಿ ಎರಡೂ ಸೂಜಿಯಂತೆ ಬೇರೆಬೇರೆ ನಿಲ್ಲುತ್ತವೆ.

ಬೆಂಗಳೂರು ಈ ಕೆಲಸಕ್ಕೆ ಹೇಳಿ ಮಾಡಿಸಿದ ಊರೇನಲ್ಲ. 900 ಮೀಟರ್ ಎತ್ತರದಲ್ಲಿ ಕಾಸ್ಮಿಕ್ ಕಿರಣ ಕಡಲ ಮಟ್ಟಕ್ಕಿಂತ ಕೊಂಚ ಜಾಸ್ತಿ. ಕಾಲಡಿಯಲ್ಲಿ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ಅದರಲ್ಲಿ ಯುರೇನಿಯಂ, ಅದರಿಂದ ರೇಡಾನ್ ಅನಿಲ. ನೆಲಮಾಳಿಗೆಯಲ್ಲಿ ಡಿಟೆಕ್ಟರ್ ಇಟ್ಟರೆ ಮೇಲಿನ ಕಿರಣ ಸ್ವಲ್ಪ ತಪ್ಪುತ್ತದೆ, ಕೆಳಗಿನ ರೇಡಾನ್ ಹೆಚ್ಚುತ್ತದೆ. ರಾತ್ರಿ ಬಾಗಿಲು ಮುಚ್ಚಿದಾಗ 609ರ ಗೆರೆ ಏರಿ, ಬೆಳಿಗ್ಗೆ ತೆರೆದಾಗ ಇಳಿಯುವುದನ್ನು ಗಂಟೆಗೊಂದು ಕೌಂಟ್ ತೆಗೆದು ನೋಡಬಹುದು. ಬಿಸ್ಮತ್-214ಕ್ಕೆ 665.4ರಲ್ಲೂ ಸಣ್ಣದೊಂದು ಗೆರೆಯಿದೆ, 661.7ಕ್ಕೆ ತಾಗಿಯೇ. ನಮ್ಮಂಥ ಸಣ್ಣ ಲೆಕ್ಕದಲ್ಲಿ ಅದು ಸೀಸಿಯಂ ವೇಷ ಹಾಕಿಕೊಂಡು ಬರುತ್ತದೆ. ಮದ್ದು ಸರಳ: ಡ್ಯೂವರಿನಿಂದ (ದ್ರವ ಸಾರಜನಕದ ಪಾತ್ರೆ) ಆವಿಯಾಗಿ ಸುಮ್ಮನೆ ಹೋಗುವ ಸಾರಜನಕವನ್ನು ಒಂದು ಕೊಳವೆಯಲ್ಲಿ ಸೀಸದ ಗೂಡಿನೊಳಕ್ಕೆ ಬಿಟ್ಟು ರೇಡಾನ್ ಹೊರಗೆ ತಳ್ಳುವುದು. ಬೋರ್‌ವೆಲ್ ನೀರಲ್ಲಿ ಪಾತ್ರೆ ತೊಳೆದು ಹಾಗೇ ಒಳಗಿಡುವ ಚಾಳಿ ಬಿಡುವುದು.

ಲೆಕ್ಕ ನೋಡಿ. 60 ಲೀಟರಿನಲ್ಲಿ 0.072 ಬೆಕರೆಲ್. ಡಿಟೆಕ್ಟರ್ 5% ಹಿಡಿಯುತ್ತದೆ, ಗೆರೆಯ ಪಾಲು 0.85, ರಾಸಾಯನಿಕ ಹಿಡಿತ 0.95 ಅಂತಿಟ್ಟರೆ ಒಂದು ಪೂರ್ತಿ ದಿನಕ್ಕೆ ಸಿಗುವುದು ಸುಮಾರು 250 ಕೌಂಟ್. ಗೆರೆಯ ಬುಡದಲ್ಲಿ 100 ಹಿನ್ನೆಲೆ ಕೌಂಟ್ ಇದ್ದರೆ ತಪ್ಪಿನ ಅಂದಾಜು 21, ಅಂದರೆ 8.5%. ಮೂರು ದಿನ ಬಿಟ್ಟರೆ 5%ಕ್ಕೆ ಇಳಿಯುತ್ತದೆ. ಒಂದೇ ಕ್ಯಾನ್ ತಂದಿದ್ದರೆ ದಿನಕ್ಕೆ 84 ಕೌಂಟ್ ಸಿಗುತ್ತಿತ್ತು, ಅದನ್ನು ಹಿಡಿದುಕೊಂಡು ಹೆಚ್ಚೇನೂ ಹೇಳಲಾಗುತ್ತಿರಲಿಲ್ಲ. ಎರಡನೇ ದಿನ ಸಂಜೆ ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟರೆ? ಅದಕ್ಕೇ ಮೂರು ದಿನದ ಎಣಿಕೆಯನ್ನು ಆರು ಗಂಟೆಯ ತುಂಡುಗಳಾಗಿ ಉಳಿಸಿಕೊಂಡು ಕೊನೆಗೆ ಕೂಡಿಸುವುದು ಕ್ಷೇಮ.

ಇಷ್ಟೇ ಶ್ರದ್ಧೆಯಿಂದ ಇನ್ನೊಂದು ಡ್ರಮ್ಮು ನಡೆಯಬೇಕು, ಕಡಲ ನೀರಿಲ್ಲದೆ. ಶುದ್ಧ ನೀರು, ಅದೇ ಆಸಿಡ್, ಅದೇ ಬಾಟಲಿಯ ಎಎಂಪಿ, ಅದೇ ಸೀಸಿಯಂ ಕ್ಲೋರೈಡ್, ಅದೇ ಕಾಗದ, ಅದೇ ಮೂರು ದಿನ. ಇದು ಬ್ಲ್ಯಾಂಕ್. ರಾಸಾಯನಿಕಗಳೂ ಬಾಂಬಿನ ಯುಗದಲ್ಲೇ ತಯಾರಾದವು, ಅವುಗಳಲ್ಲೂ ಒಂದು ಹುಂಡು ಸೀಸಿಯಂ-137 ಇರಬಹುದು. ಬ್ಲ್ಯಾಂಕ್ ಮಾಡದೆ ಕೊಟ್ಟ ಅಂಕಿಯನ್ನು ನಾವಂತೂ ಓದುವುದಿಲ್ಲ. ಮೂರು ದಿನದ ಡಿಟೆಕ್ಟರ್ ಸಮಯ ಖಾಲಿ ನೀರಿಗೆ ಹೋಯಿತಲ್ಲ ಅನ್ನುವ ಹೊಟ್ಟೆಯುರಿ ಎಲ್ಲ ಕಡೆ ಇದ್ದದ್ದೇ.

ಸಿಕ್ಕ ಸೀಸಿಯಂ ಬಾಂಬಿನದೋ ರಿಯಾಕ್ಟರಿನದೋ? ಸೀಸಿಯಂ-134 ನೋಡಬೇಕು. ರಿಯಾಕ್ಟರಿನೊಳಗೆ ವರ್ಷಗಟ್ಟಲೆ ನ್ಯೂಟ್ರಾನ್ ತಿಂದ ಸೀಸಿಯಂ-133ರಿಂದ ಅದು ಹುಟ್ಟುತ್ತದೆ. ಬಾಂಬಿನ ಕ್ಷಣಮಾತ್ರದಲ್ಲಿ ಅದಕ್ಕೆ ಪುರಸೊತ್ತಿಲ್ಲ. 2011ರಲ್ಲಿ ಫುಕುಶಿಮಾದ ನೀರಿನಲ್ಲಿ ಎರಡೂ ಸರಿಸುಮಾರು ಸಮಸಮ ಇದ್ದವು. ಅದರ ಅರ್ಧಾಯು ಎರಡೇ ವರ್ಷವಾದ್ದರಿಂದ ಇಂದು ಕಂಡರೆ ಅದು ಹೊಸ ಸೋರಿಕೆ. ಆದರೆ ಅದರ 605 ಮತ್ತು 796ರ ಕಿರಣಗಳು ಜೋಡಿಯಾಗಿ ಹೊರಡುತ್ತವೆ. ಮಾದರಿಯನ್ನು ಡಿಟೆಕ್ಟರಿಗೆ ಅಂಟಿಸಿಟ್ಟಾಗ ಎರಡೂ ಒಟ್ಟಿಗೆ ಬಿದ್ದು ಒಂದೇ ದೊಡ್ಡ ಹೊಡೆತವಾಗಿ ದಾಖಲಾಗುತ್ತವೆ, ಎರಡೂ ಗೆರೆಗಳಿಂದ ಕಾಣೆಯಾಗುತ್ತವೆ. ಈ ತಿದ್ದುಪಡಿ ಮಾಡದಿದ್ದರೆ ಸೀಸಿಯಂ-134 ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ಬಾಂಬಿನ ಇನ್ನೊಂದು ಉಳಿಕೆಯಾದ ಸ್ಟ್ರಾನ್ಷಿಯಂ-90 ಗಾಮಾ ಬಿಡುವುದಿಲ್ಲ, ಹಾಗಾಗಿ ಮೈಮುರಿದು ಮಾಡುವ ರಸಾಯನಶಾಸ್ತ್ರ. ಲೀಟರಿಗೆ 400 ಮಿಲಿಗ್ರಾಂ ಕ್ಯಾಲ್ಸಿಯಮ್ಮಿನಿಂದ 8 ಮಿಲಿಗ್ರಾಂ ಸ್ಟ್ರಾನ್ಷಿಯಂ ಬೇರ್ಪಡಿಸಲು ಹೊಗೆಯಾಡುವ ನೈಟ್ರಿಕ್ ಆಸಿಡ್ಡಿನಲ್ಲಿ ಮತ್ತೆ ಮತ್ತೆ ಒತ್ತರಿಸಬೇಕು. ಆಮೇಲೆ ಎರಡು ವಾರ ಸುಮ್ಮನೆ ಕಾಯಬೇಕು: ಅಷ್ಟರಲ್ಲಿ ಅದರ ಮಗಳು ಇಟ್ರಿಯಂ-90 ನೂರಕ್ಕೆ 97ರಷ್ಟು ಬೆಳೆದಿರುತ್ತದೆ. ಅದನ್ನು ತೆಗೆದು ಬೀಟಾ ಎಣಿಸಿ, 64 ಗಂಟೆಗೆ ಅರ್ಧವಾಗುತ್ತದೆಯೇ ಅಂತ ನೋಡಬೇಕು. ಆಗದಿದ್ದರೆ ಎಣಿಸಿದ್ದು ಬೇರೆ ಏನನ್ನೋ. ಟ್ರಿಟಿಯಮ್ಮಿಗೆ, ಅಂದರೆ ವಿಕಿರಣಶೀಲ ಹೈಡ್ರೋಜನ್ನಿಗೆ, ನೀರು ಭಟ್ಟಿಯಿಳಿಸಿ, ವಿದ್ಯುತ್ತಿನಿಂದ ಸಾಂದ್ರ ಮಾಡಬೇಕು. ಟ್ರಿಟಿಯಂ ಹೊಳಪಿನ ಹಳೇ ಕೈಗಡಿಯಾರ ಕಟ್ಟಿಕೊಂಡು ಆ ಕೋಣೆಗೆ ಹೋದರೆ ಮಾದರಿ ಕೆಟ್ಟ ಹಾಗೆ. ಪ್ಲುಟೋನಿಯಂ ಒಂದೇ ತನ್ನ ಊರು ಹೇಳುತ್ತದೆ: 240 ಮತ್ತು 239ರ ಅನುಪಾತ ಜಗತ್ತಿನ ಸರಾಸರಿ ಬೂದಿಯಲ್ಲಿ 0.18, ಬಿಕಿನಿ ಕಡೆಯದರಲ್ಲಿ 0.3ಕ್ಕಿಂತ ಮೇಲೆ.

ಇನ್ನು ನಾಲ್ಕನೇ ಕ್ಯಾನ್. 1960ರ ದಶಕದ ಮೊದಲಲ್ಲಿ ಜಪಾನಿನ ವಿಜ್ಞಾನಿಗಳಾದ ಸರುಹಾಶಿ ಕತ್ಸುಕೊ ಮತ್ತು ಮಿಯಾಕೆ ಯಾಸುಒ ಪ್ರಕಟಿಸಿದ ಸೀಸಿಯಂ ಅಂಕಿಗಳು ಅಮೆರಿಕದವರ ಅಂಕಿಗಳಿಗಿಂತ ಎತ್ತರದಲ್ಲಿದ್ದವು. ನಿಮ್ಮ ವಿಧಾನವೇ ಸರಿಯಿಲ್ಲ ಅನ್ನುವ ಮಾತು ಬಂತು. ಸರುಹಾಶಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಗೆ ಹೋದರು. ಅಲ್ಲಿ ಥಿಯೊಡೋರ್ ಫೋಲ್ಸಮ್ ಅವರ ವಿಧಾನಕ್ಕೂ ತಮ್ಮದಕ್ಕೂ ಒಂದೇ ನೀರಿನಲ್ಲಿ ಹೋಲಿಕೆ ನಡೆಯಿತು, ಅಂಕಿಗಳು ಹೊಂದಿದವು. ಹೀಗೆ ಹೋಲಿಸಲು ಅದೇ ನೀರು ಬೇಕು. ಅದೇ ಜಾಗಕ್ಕೆ ಮತ್ತೆ ಹೋಗಿ ತುಂಬಿದ್ದು ಅದೇ ನೀರಲ್ಲ. ಹಾಗಾಗಿ ನಾಲ್ಕನೆಯದನ್ನು ಸೋಸಿ, ಆಸಿಡ್ ಹಾಕಿ, ಜಾಗ, ಆಳ, ತಾರೀಕು, ಗಂಟೆ, ಲವಣಾಂಶ, ತೂಕ ಬರೆದ ಚೀಟಿ ಅಂಟಿಸಿ ಕತ್ತಲಲ್ಲಿಡಿ. ಮೂರು ವರ್ಷ ಕಳೆದು ಯಾರಾದರೂ ನಿಮ್ಮ ಅಂಕಿ ಒಪ್ಪದೆ ಬಂದರೆ, ಅದರಲ್ಲಿನ ಸೀಸಿಯಂ-137 ಬರೀ 7% ಕಡಿಮೆಯಾಗಿರುತ್ತದೆ. ಸೀಸಿಯಂ-134 ಇದ್ದಿದ್ದರೆ ಮೂರನೇ ಎರಡು ಭಾಗದ ಹತ್ತಿರ ಹೋಗಿರುತ್ತದೆ, ಅದಕ್ಕೆ ಮಾತ್ರ ಬೇಗ ಬರಲು ಹೇಳಿ.